ನಲವತ್ತೆರಡನೇ ವಯಸ್ಸಿನ ಹೊಸಬ: ಸ್ಯಾಚೆಲ್ ಪೇಜ್



ಅಮೆರಿಕದಿಂದ ಬಂದು ನಮ್ಮ ಶಾಲೆಗೆ ಸೇರಿದ ಹುಡುಗನೊಬ್ಬ ಒಂದು ದಿನ ಆಟದ ಪಿರಿಯಡ್‌ಗೆ ದಪ್ಪ ಚರ್ಮದ ಕೈಗವಸೊಂದನ್ನು ತಂದಿದ್ದ. ಉಳಿದ ಮಕ್ಕಳೆಲ್ಲ ಅದನ್ನು ಒಬ್ಬರಾದ ಮೇಲೊಬ್ಬರು ಹಾಕಿಕೊಂಡು ಕ್ರಿಕೆಟ್ ಚೆಂಡನ್ನೇ ಹಿಡಿದು ನೋಡಿದರು. ಅಂದು ಕನ್ನಡ ತರಗತಿಯಲ್ಲಿ ಪಾಠ ಮುಂದೆ ಸಾಗಲೇ ಇಲ್ಲ. ಬೇಸ್‌ಬಾಲ್ ಎಂದರೇನು, ನಮ್ಮ ಶ್ರೀನಾಥ್, ಕುಂಬ್ಳೆ ಅವರಂಥ ಬೌಲರ್‌ಗಳು ಅದರಲ್ಲೂ ಇದ್ದಾರೆಯೇ, ಅವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂದು ಪ್ರಶ್ನೆಗಳ ಸುರಿಮಳೆಯೇ ಆಯಿತು. ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ ಹೆಸರುಗಳಲ್ಲಿ ಒಂದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅದೇ ಸ್ಯಾಚೆಲ್ ಪೇಜ್. ಇಪ್ಪತ್ತನೇ ವಯಸ್ಸಿಗೆ ಸಿಗಬೇಕಾದ ಅವಕಾಶ ನಲವತ್ತೆರಡನೇ ವಯಸ್ಸಿಗೆ ಸಿಕ್ಕರೂ ಅದನ್ನು ಬಿಡದೆ ಹಿಡಿದ ಆಟಗಾರನ ಕತೆ ಇದು.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಕ್ರಿಕೆಟ್ ಬೌಲರ್‌ನಂತೆ ಅವನು ಓಡಿ ಬರುವುದಿಲ್ಲ. ಮೈದಾನದ ನಡುವಿನ ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು, ಸುಮಾರು 18.4 ಮೀಟರ್ ದೂರದಲ್ಲಿರುವ ದಾಂಡಿಗನ ಕಡೆಗೆ ಚೆಂಡು ನೆಲಕ್ಕೆ ತಾಗದಂತೆ ಎಸೆಯುತ್ತಾನೆ. ದಾಂಡಿಗನ ಪಕ್ಕದಲ್ಲಿ ನೆಲಕ್ಕೆ ಹೂತ, 43 ಸೆಂಟಿಮೀಟರ್ ಅಗಲದ ಬಿಳಿಯ ತಟ್ಟೆಯೊಂದು ಇರುತ್ತದೆ. ಅದರ ಹೆಸರು ಹೋಮ್ ಪ್ಲೇಟ್. ಚೆಂಡು ಆ ಪ್ಲೇಟಿನ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ ಹಾದುಹೋಗಬೇಕು. ಅಂಥ ಚೆಂಡನ್ನು ಹೊಡೆಯದೆ ಬಿಟ್ಟರೂ, ಬೀಸಿ ತಪ್ಪಿದರೂ ಅದು 'ಸ್ಟ್ರೈಕ್'. ಮೂರು ಸ್ಟ್ರೈಕ್ ಆದರೆ ದಾಂಡಿಗ ಔಟ್. ನಾಲ್ಕು ಚೆಂಡುಗಳು ಗುರಿ ತಪ್ಪಿ ಹೊರಗೆ ಹೋದರೆ ಅವನಿಗೆ ಮೊದಲ ಬೇಸ್‌ಗೆ ಪುಕ್ಕಟೆ ನಡಿಗೆ. ಆದ್ದರಿಂದ ಪಿಚರ್‌ಗೆ ವೇಗ ಎಷ್ಟು ಮುಖ್ಯವೋ ಗುರಿಯೂ ಅಷ್ಟೇ ಮುಖ್ಯ. ಪೇಜ್ ಅವರಲ್ಲಿ ಇವೆರಡೂ ಇದ್ದವು.

ಚೀಲ ಹೊರುತ್ತಿದ್ದ ಹುಡುಗ

ಅಮೆರಿಕದ ದಕ್ಷಿಣದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅಲ್ಲಿನ ಬಂದರು ಪಟ್ಟಣದ ಹೆಸರು ಮೊಬೀಲ್. (ನಮ್ಮೆಲ್ಲರ ಕೈಯಲ್ಲಿರುವ ಮೊಬೈಲ್ ಅಲ್ಲ!) ಅಲ್ಲಿ 1906ರ ಜುಲೈ 7ರಂದು ಲೆರಾಯ್ ರಾಬರ್ಟ್ ಪೇಜ್ ಹುಟ್ಟಿದ. ತಂದೆ ಜಾನ್ ತೋಟದ ಕೆಲಸ ಮಾಡುತ್ತಿದ್ದರು. ತಾಯಿ ಲೂಲಾ ಬೇರೆಯವರ ಮನೆಯ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದರು. ಹನ್ನೆರಡು ಮಕ್ಕಳ ಮನೆ. ಶಾಲೆಗೆ ಹೋಗುವುದಕ್ಕಿಂತ ನಾಲ್ಕು ಕಾಸು ಸಂಪಾದಿಸುವುದೇ ಮುಖ್ಯವಾಗಿದ್ದ ಬಡತನ.

ಹುಡುಗ ರೈಲ್ವೆ ನಿಲ್ದಾಣಕ್ಕೆ ಹೋಗಿ ಪ್ರಯಾಣಿಕರ ಚೀಲ, ಪೆಟ್ಟಿಗೆಗಳನ್ನು ಹೊರುತ್ತಿದ್ದ. ಒಂದೊಂದೇ ಹೊತ್ತರೆ ಸಿಗುವ ಹಣ ಸಾಲದೆಂದು ಒಂದು ಕೋಲಿಗೆ ಹಗ್ಗ ಕಟ್ಟಿ, ಅದಕ್ಕೆ ಮೂರು ನಾಲ್ಕು ಚೀಲಗಳನ್ನು ನೇತುಹಾಕಿ ಒಟ್ಟಿಗೆ ಸಾಗಿಸುವ ಉಪಾಯ ಹೂಡಿದ. ಸ್ಯಾಚೆಲ್ ಎಂದರೆ ಚೀಲ. ಗೆಳೆಯರು ಅಣಕಿಸಿ ಇಟ್ಟ ಆ ಹೆಸರೇ ಮುಂದೆ ಲೋಕಪ್ರಸಿದ್ಧವಾಯಿತು. ಈ ಹೆಸರಿಗೆ ಬೇರೆ ಕತೆಗಳೂ ಇವೆ, ಆದರೆ ಪೇಜ್ ಅವರೇ ಹೇಳಿಕೊಂಡು ಬಂದದ್ದು ಇದನ್ನು.

ಇನ್ನೊಂದು ತಮಾಷೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅವರು ದೊಡ್ಡವರಾದ ಮೇಲೆ ಪತ್ರಕರ್ತರು ವಯಸ್ಸೆಷ್ಟು ಎಂದು ಕೇಳಿದಾಗಲೆಲ್ಲ, ಹುಟ್ಟಿದ ತಾರೀಖು ಬರೆದಿಟ್ಟಿದ್ದ ಕಾಗದವನ್ನು ಮನೆಯ ಮೇಕೆ ತಿಂದುಬಿಟ್ಟಿತು ಎಂದು ಹೇಳಿ ನಗಿಸುತ್ತಿದ್ದರು. ನಿಜವಾದ ತಾರೀಖು ಮೊಬೀಲ್‌ನ ಸರ್ಕಾರಿ ದಾಖಲೆಯಲ್ಲಿ ಭದ್ರವಾಗಿಯೇ ಇತ್ತು. ಆದರೂ ವಯಸ್ಸನ್ನು ಗುಟ್ಟಾಗಿಡುವುದು ಅವರಿಗೆ ಒಂದು ಆಟವಾಗಿತ್ತು. ಏಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ತಪ್ಪು ಮಾಡಿದ ಬಾಲಕ, ದಾರಿ ತೋರಿದ ಗುರು

ಹನ್ನೆರಡನೇ ವಯಸ್ಸಿನಲ್ಲಿ ಲೆರಾಯ್ ಒಂದು ಅಂಗಡಿಯಲ್ಲಿ ಆಟಿಕೆ ಉಂಗುರಗಳನ್ನು ಕದ್ದು ಸಿಕ್ಕಿಬಿದ್ದ. ಶಾಲೆಗೂ ಸರಿಯಾಗಿ ಹೋಗುತ್ತಿರಲಿಲ್ಲ. 1918ರ ಜುಲೈ ತಿಂಗಳಲ್ಲಿ ನ್ಯಾಯಾಲಯ ಅವನನ್ನು ಮೌಂಟ್ ಮೇಗ್ಸ್ ಎಂಬ ಊರಿನಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ ಇದ್ದ ಸುಧಾರಣಾ ಶಾಲೆಗೆ ಕಳುಹಿಸಿತು. ಬೆಲೆಯೇ ಇಲ್ಲದ ಉಂಗುರಗಳಿಗೆ ತೆತ್ತದ್ದು ಐದು ವರ್ಷಗಳಿಗಿಂತ ಹೆಚ್ಚಿನ ಕಾಲ. ಹೊರಬಂದದ್ದು 1923ರ ಡಿಸೆಂಬರ್‌ನಲ್ಲಿ, ಹದಿನೇಳನೇ ವಯಸ್ಸಿಗೆ.

ಹೆತ್ತವರಿಗೆ ಇದೆಂಥ ಸಂಕಟವಾಗಿದ್ದಿರಬೇಕು! ಆದರೆ ಮೌಂಟ್ ಮೇಗ್ಸ್‌ನಲ್ಲಿ ಎಡ್ವರ್ಡ್ ಬರ್ಡ್ ಎಂಬ ತರಬೇತುದಾರರಿದ್ದರು. ಉದ್ದ ತೋಳು, ಉದ್ದ ಕಾಲುಗಳ ಈ ಸಣಕಲು ಹುಡುಗನಲ್ಲಿ ಅವರು ಕಳ್ಳನನ್ನು ನೋಡಲಿಲ್ಲ, ಪಿಚರ್‌ನನ್ನು ನೋಡಿದರು. ಚೆಂಡೆಸೆಯುವ ಮೊದಲು ಎಡಗಾಲನ್ನು ಆಕಾಶಕ್ಕೆ ಒದೆಯುವಂತೆ ಮೇಲೆತ್ತುವುದು, ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಕೊನೆಯ ಗಳಿಗೆಯಲ್ಲಿ ಚೆಂಡು ಬಿಡುವುದು, ಇವನ್ನೆಲ್ಲ ಕಲಿಸಿದ್ದು ಅವರೇ. ಎತ್ತಿದ ಕಾಲು ದಾಂಡಿಗನ ಕಣ್ಣಿಗೆ ಅಡ್ಡ ಬರುತ್ತಿತ್ತು. ಚೆಂಡು ಎಲ್ಲಿಂದ ಹೊರಟಿತೆಂದು ತಿಳಿಯುವಷ್ಟರಲ್ಲಿ ಅದು ಹತ್ತಿರ ಬಂದುಬಿಟ್ಟಿರುತ್ತಿತ್ತು.

ಶಿಕ್ಷಕರಾದ ನಮಗೆ ಈ ಪ್ರಸಂಗ ಮತ್ತೆ ಮತ್ತೆ ನೆನಪಾಗುತ್ತದೆ. ಜಗತ್ತು ತಪ್ಪಿತಸ್ಥ ಎಂದು ಹಣೆಪಟ್ಟಿ ಹಚ್ಚಿ ಕಳುಹಿಸಿದ ಮಗುವಿನಲ್ಲಿ ಒಬ್ಬರಾದರೂ ಬೇರೆ ಏನನ್ನೋ ಕಂಡರು. ಅಲ್ಲಿಂದ ಹೊರಬಂದಾಗ ಅವನ ಕೈಗೆ ಒಂದು ವಿದ್ಯೆ ಬಂದಿತ್ತು.

ಕಣ್ಣಿಗೆ ಕಾಣದ ಗೋಡೆ

1924ರಲ್ಲಿ ಮೊಬೀಲ್‌ನ ಸಣ್ಣ ತಂಡವೊಂದರಲ್ಲಿ ಆಡತೊಡಗಿದ ಲೆರಾಯ್, 1926ರಲ್ಲಿ ಚಟನೂಗಾ ನಗರದ ವೃತ್ತಿಪರ ತಂಡಕ್ಕೆ ಸೇರಿದ. ಸಂಬಳದ ದೊಡ್ಡ ಪಾಲು ನೇರವಾಗಿ ತಾಯಿಗೆ ಹೋಗಬೇಕೆಂದು ಒಪ್ಪಂದವಾಗಿತ್ತು. ಮರುವರ್ಷವೇ ಬರ್ಮಿಂಗ್‌ಹ್ಯಾಮ್ ನಗರದ ತಂಡ ಕರೆಯಿತು. ಹುಡುಗ ಈಗ ಸ್ಯಾಚೆಲ್ ಪೇಜ್ ಆದರು. ಪಂದ್ಯಕ್ಕೆ ಮುಂಚೆ ಹೋಮ್ ಪ್ಲೇಟಿನ ಬದಲು ಚೂಯಿಂಗ್ ಗಮ್ ಸುತ್ತುವ ಪುಟ್ಟ ಕಾಗದವನ್ನು ನೆಲದ ಮೇಲಿಟ್ಟು, ಚೆಂಡು ಅದರ ಮೇಲೆಯೇ ಹಾದುಹೋಗುವಂತೆ ಅಭ್ಯಾಸ ಮಾಡುತ್ತಿದ್ದರು. ಅಷ್ಟು ಸಣ್ಣ ಗುರಿಗೆ ಪಳಗಿದ ಕೈಗೆ 43 ಸೆಂಟಿಮೀಟರ್ ಪ್ಲೇಟು ಹೆಬ್ಬಾಗಿಲಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಪ್ರತಿಭೆ ಇದ್ದವರನ್ನು ದೇಶದ ದೊಡ್ಡ ತಂಡಗಳು ತಾನಾಗಿ ಕರೆಯಬೇಕಿತ್ತಲ್ಲವೇ? ಕರೆಯಲಿಲ್ಲ. ಆಗಿನ ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಕಪ್ಪು ಜನಾಂಗದವರಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ, ನೀರು ಕುಡಿಯಲು ಬೇರೆ ನಲ್ಲಿ ಇದ್ದವು. ಬೇಸ್‌ಬಾಲ್‌ನಲ್ಲಿ ಅತ್ಯುನ್ನತ ಮಟ್ಟದ ಪಂದ್ಯಗಳಿಗೆ 'ಮೇಜರ್ ಲೀಗ್' ಎಂದು ಹೆಸರು. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಅಲ್ಲಿ ಆಡಿದ್ದರು. ಅನಂತರ ತಂಡಗಳ ಮಾಲೀಕರು ಒಳಗೊಳಗೇ ಒಪ್ಪಂದ ಮಾಡಿಕೊಂಡು ಆ ಬಾಗಿಲನ್ನು ಮುಚ್ಚಿದರು. ನಿಯಮ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ, ಆದರೆ ಅರವತ್ತು ವರ್ಷಗಳಷ್ಟು ಕಾಲ ಒಬ್ಬರಿಗೂ ಒಳಗೆ ಪ್ರವೇಶ ಸಿಗಲಿಲ್ಲ. ನಮ್ಮ ನಾಡಿನಲ್ಲೂ ಹುಟ್ಟಿನ ಕಾರಣಕ್ಕೆ ಬಾವಿಯ ನೀರನ್ನೂ ದೇವಸ್ಥಾನದ ಬಾಗಿಲನ್ನೂ ತಪ್ಪಿಸಿದ ಇತಿಹಾಸವಿದೆ. ಹಾಗಾಗಿ ಇದು ನಮಗೆ ಅರ್ಥವಾಗದ ವಿಷಯವೇನಲ್ಲ.

ಹೊರಗಿಟ್ಟವರು ಕೈಕಟ್ಟಿ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಎಂಬವರ ಮುಂದಾಳತ್ವದಲ್ಲಿ 'ನೀಗ್ರೋ ನ್ಯಾಷನಲ್ ಲೀಗ್' ಹುಟ್ಟಿತು. (ನೀಗ್ರೋ ಎಂಬ ಪದವನ್ನು ಇಂದು ಯಾರನ್ನೂ ಕರೆಯಲು ಬಳಸಬಾರದು. ಇತಿಹಾಸದ ಹೆಸರಾದ್ದರಿಂದ ಇಲ್ಲಿ ಬರೆದಿದ್ದೇವೆ.) ತಮ್ಮದೇ ತಂಡ, ತಮ್ಮದೇ ಪ್ರೇಕ್ಷಕರು, ತಮ್ಮದೇ ವೀರರು. ಪೇಜ್ ಅವರಲ್ಲಿ ಬಹು ಬೇಗ ಮುಂಚೂಣಿಗೆ ಬಂದರು.

ಊರೂರು ಅಲೆದ ಚೆಂಡು

1932ರ ಹೊತ್ತಿಗೆ ಪೇಜ್ ಪಿಟ್ಸ್‌ಬರ್ಗ್ ನಗರದ ಕ್ರಾಫರ್ಡ್ಸ್ ತಂಡದಲ್ಲಿದ್ದರು. ಮಿಂಚಿನಂತೆ ಓಡುವ ಕೂಲ್ ಪಾಪಾ ಬೆಲ್, ಚೆಂಡನ್ನು ಮೈದಾನದಾಚೆಗೆ ಅಟ್ಟುವ ಜಾಷ್ ಗಿಬ್ಸನ್ ಅದೇ ತಂಡದಲ್ಲಿ ಕೂಡಿಕೊಂಡರು. ಪೇಜ್ ಎಸೆಯುತ್ತಾರೆ ಎಂದರೆ ಸಾಕು, ಜನ ಜಾತ್ರೆಗೆ ಬಂದಂತೆ ಬರುತ್ತಿದ್ದರು. ಪ್ರದರ್ಶನ ಪಂದ್ಯಗಳಲ್ಲಿ ತಮ್ಮ ಹಿಂದಿನ ಆಟಗಾರರನ್ನೆಲ್ಲ ನೆಲದ ಮೇಲೆ ಕೂರಿಸಿ, ಎದುರಾಳಿಗಳನ್ನು ತಾವೊಬ್ಬರೇ ಔಟ್ ಮಾಡುತ್ತಿದ್ದರಂತೆ. ತಮ್ಮ ಎಸೆತಗಳಿಗೆ ಚಿತ್ರವಿಚಿತ್ರ ಹೆಸರುಗಳನ್ನೂ ಇಟ್ಟಿದ್ದರು. ಒಂದು ಎಸೆತದಲ್ಲಿ ಕೈ ಮುಂದೆ ಬರುವಾಗ ನಡುವೆ ಅರೆಗಳಿಗೆ ತಡೆಯುತ್ತಿದ್ದರು. ದಾಂಡಿಗ ಬ್ಯಾಟು ಬೀಸಿ ಮುಗಿಸಿದ ಮೇಲೆ ಚೆಂಡು ಬರುತ್ತಿತ್ತು!

ಪೇಜ್ ಎಲ್ಲ ರೀತಿಯಲ್ಲೂ ಮಾದರಿ ಮನುಷ್ಯರಾಗಿದ್ದರು ಎಂದು ನಾವು ಹೇಳುವುದಿಲ್ಲ. ಹೆಚ್ಚು ಹಣ ಕೊಡುವವರು ಕರೆದರೆ ಋತುವಿನ ನಡುವೆಯೇ ತಂಡ ಬಿಟ್ಟು ಹೊರಡುತ್ತಿದ್ದರು. ಹೇಳಿದ ಹೊತ್ತಿಗೆ ಬರುವವರಲ್ಲ. ಕಾರುಗಳ ಹುಚ್ಚು, ಅತಿವೇಗದ ಚಾಲನೆ ಬೇರೆ. ಆದರೆ ಬದುಕಿನ ಅತಿ ದೊಡ್ಡ ಸಂಬಳ ಸಿಗುವ ಕಡೆ ಬಾಗಿಲು ಮುಚ್ಚಿದ್ದಾಗ, ಸಿಕ್ಕ ಕಡೆ ದುಡಿಯುವುದನ್ನು ಬಿಟ್ಟು ಬೇರೆ ದಾರಿಯೂ ಇರಲಿಲ್ಲ.

1935ರಲ್ಲಿ ಅವರು ಉತ್ತರದ ಬಿಸ್ಮಾರ್ಕ್ ಎಂಬ ಪುಟ್ಟ ಊರಿನ ತಂಡಕ್ಕೆ ಆಡಿದರು. ಕಪ್ಪು, ಬಿಳಿ ಆಟಗಾರರು ಒಟ್ಟಿಗೆ ಆಡುತ್ತಿದ್ದ ಅಪರೂಪದ ತಂಡವದು. ಆ ವರ್ಷ ವಿಚಿಟಾ ನಗರದಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಪೇಜ್ ನಾಲ್ಕು ಪಂದ್ಯ ಗೆದ್ದರು, 60 ಮಂದಿಯನ್ನು ಮೂರು ಸ್ಟ್ರೈಕಿಗೆ ಔಟ್ ಮಾಡಿದರು. ತಂಡ ಪ್ರಶಸ್ತಿ ಗೆದ್ದಿತು. ಆದರೆ ಇದೇ ಬಿಸ್ಮಾರ್ಕ್‌ನಲ್ಲಿ ಪೇಜ್ ದಂಪತಿಗೆ ಬಾಡಿಗೆಗೆ ಮನೆ ಕೊಡುವವರು ಸಿಕ್ಕಿರಲಿಲ್ಲ. ಗೂಡ್ಸ್ ರೈಲಿನ ಹಳೆಯ ಡಬ್ಬಿಯೊಂದರಲ್ಲಿ ಅವರು ವಾಸ ಮಾಡಬೇಕಾಯಿತು. ಮೈದಾನದಲ್ಲಿ ಚಪ್ಪಾಳೆ ಹೊಡೆದ ಜನ ಮೈದಾನದ ಹೊರಗೆ ಬಾಗಿಲು ತೆರೆಯಲಿಲ್ಲ. ಪ್ರವಾಸದಲ್ಲೂ ಅದೇ ಪಾಡು. ಎಷ್ಟೋ ಊರುಗಳಲ್ಲಿ ಹೋಟೆಲಿನವರು ರೂಮು ಕೊಡುತ್ತಿರಲಿಲ್ಲ, ಊಟಕ್ಕೆ ಒಳಗೆ ಬಿಡುತ್ತಿರಲಿಲ್ಲ. ಆಟಗಾರರು ಬಸ್ಸಿನಲ್ಲೋ ಕಾರಿನಲ್ಲೋ ಮಲಗಿ, ಮರುದಿನ ಮತ್ತೊಂದು ಊರಿನಲ್ಲಿ ಆಡುತ್ತಿದ್ದರು.

1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೋ ಅವರ ಹೆಸರಿನ ರಾಜಧಾನಿಯ ತಂಡಕ್ಕಾಗಿ ಪೇಜ್ ಹೋದರು. ಗಿಬ್ಸನ್, ಬೆಲ್ ಕೂಡ ಹೋದರು. ಬಂದೂಕು ಹಿಡಿದ ಸೈನಿಕರ ಕಣ್ಣೆದುರು ಆಡಿ, ಸೋತರೆ ಏನು ಗತಿಯೋ ಎಂಬ ಅಂಜಿಕೆಯಲ್ಲಿ ಗೆದ್ದು ಬಂದ ಕತೆಯನ್ನು ಪೇಜ್ ಮುಂದೆ ರಸವತ್ತಾಗಿ ಹೇಳುತ್ತಿದ್ದರು.

ತೋಳೇ ಕೈಕೊಟ್ಟಾಗ

ಚಳಿಗಾಲ, ಬೇಸಿಗೆ ಎನ್ನದೆ ವರ್ಷವಿಡೀ ಎಸೆದ ತೋಳು ಎಷ್ಟು ದಿನ ತಡೆದೀತು? 1938ರಲ್ಲಿ ಮೆಕ್ಸಿಕೋದಲ್ಲಿ ಆಡುವಾಗ ಬಲತೋಳು ಮೇಲೆತ್ತಲಾರದಷ್ಟು ನೋವು ಶುರುವಾಯಿತು. ಇನ್ನು ಚೆಂಡೆಸೆಯುವುದು ಸಾಧ್ಯವಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಆಗ ಪೇಜ್ ಅವರಿಗೆ 32 ವರ್ಷ. ಅಲ್ಲಿಯವರೆಗೆ ಬೆನ್ನು ಹತ್ತಿದ್ದ ತಂಡಗಳ ಮಾಲೀಕರು ಈಗ ತಿರುಗಿಯೂ ನೋಡಲಿಲ್ಲ.

ಒಬ್ಬರು ಮಾತ್ರ ಕೈಬಿಡಲಿಲ್ಲ. ಕನ್ಸಾಸ್ ಸಿಟಿಯ ಮೊನಾರ್ಕ್ಸ್ ತಂಡದ ಮಾಲೀಕ ಜೆ.ಎಲ್. ವಿಲ್ಕಿನ್‌ಸನ್. ಅವರು ಬಿಳಿಯರು. ತಮ್ಮ ಎರಡನೇ ದರ್ಜೆಯ ಸಂಚಾರಿ ತಂಡಕ್ಕೆ ಪೇಜ್ ಅವರನ್ನು ಸೇರಿಸಿಕೊಂಡರು. 1939ರಲ್ಲಿ ಆ ತಂಡ ಹಳ್ಳಿಹಳ್ಳಿ ತಿರುಗಿತು. ಪೇಜ್ ಅವರ ಹೆಸರು ಕೇಳಿ ಜನ ಬರುತ್ತಿದ್ದರು. ಅವರು ನಿಧಾನಗತಿಯ ಚೆಂಡುಗಳನ್ನು ಎಸೆದು ಹೇಗೋ ದಿನ ದೂಡುತ್ತಿದ್ದರು. ತೋಳಿಗೆ ದಿನವೂ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ಮತ್ತೆ ಪ್ರಯತ್ನಿಸುವುದು. ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ದಿನ ನೋವು ಬಿಟ್ಟುಹೋಯಿತು, ಹಳೆಯ ವೇಗ ಮರಳಿತು. ಅಷ್ಟೇ ಅಲ್ಲ, ವೇಗವಿಲ್ಲದ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ಕಲಿತ ತಿರುವು ಚೆಂಡುಗಳೂ ಈಗ ಕೈಯಲ್ಲಿದ್ದವು. ಮೊದಲು ಬರಿಯ ವೇಗದ ಪಿಚರ್ ಆಗಿದ್ದವರು ಈಗ ಪೂರ್ಣ ಕಲಾವಿದರಾದರು. ಮುಂದೆ ಅರವತ್ತರ ಅಂಚಿನವರೆಗೆ ಅವರನ್ನು ಕಾಪಾಡಿದ್ದು ಈ ಕಷ್ಟದ ಕಾಲದ ವಿದ್ಯೆಯೇ.

1942ರಲ್ಲಿ ಮೊನಾರ್ಕ್ಸ್ ತಂಡ ನೀಗ್ರೋ ಲೀಗ್‌ಗಳ ವಿಶ್ವ ಸರಣಿಯ ಅಂತಿಮ ಹಣಾಹಣಿಗೆ ಬಂತು. ಎದುರಾಳಿ ಹೋಮ್‌ಸ್ಟೆಡ್ ಗ್ರೇಸ್. ಆ ತಂಡದ ದೊಡ್ಡ ಶಕ್ತಿ ಹಳೆಯ ಗೆಳೆಯ ಜಾಷ್ ಗಿಬ್ಸನ್. ಎರಡನೇ ಪಂದ್ಯದಲ್ಲಿ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಗಿಬ್ಸನ್ ಬ್ಯಾಟು ಹಿಡಿದು ಬಂದರು. ಗಿಬ್ಸನ್ ಎದುರಾಗಲಿ ಎಂದೇ ಪೇಜ್ ಬೇಕೆಂದು ಹಿಂದಿನವರಿಗೆ ಪುಕ್ಕಟೆ ನಡಿಗೆ ಕೊಟ್ಟರು ಎಂದು ಕತೆ ಹೇಳುವವರಿದ್ದಾರೆ. ಅದು ಹೇಗೇ ಇರಲಿ, ಆ ಕಾಲದ ಅತಿ ಬಲಶಾಲಿ ದಾಂಡಿಗನನ್ನು ಪೇಜ್ ಮೂರು ಸ್ಟ್ರೈಕಿಗೆ ಔಟ್ ಮಾಡಿ ಕಳುಹಿಸಿದ್ದು ನಿಜ. ಮೊನಾರ್ಕ್ಸ್ ತಂಡ ಸರಣಿ ಗೆದ್ದಿತು.

ಬಾಗಿಲು ತೆರೆಯಿತು, ಆದರೆ...

ಎರಡನೇ ಮಹಾಯುದ್ಧ ಮುಗಿಯಿತು. ದೇಶಕ್ಕಾಗಿ ಹೋರಾಡಿದ ಕಪ್ಪು ಸೈನಿಕರನ್ನು ಆಟದ ಮೈದಾನದಿಂದ ಹೊರಗಿಡುವುದು ಯಾವ ನ್ಯಾಯ ಎಂದು ಜನ ಕೇಳತೊಡಗಿದರು. 1945ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡದ ಬ್ರಾಂಚ್ ರಿಕಿ ಮೊದಲ ಬಾರಿಗೆ ಒಬ್ಬ ಕಪ್ಪು ಆಟಗಾರನ ಜತೆ ಒಪ್ಪಂದಕ್ಕೆ ಸಹಿ ಹಾಕಿದರು. ಆ ಆಟಗಾರ ಪೇಜ್ ಅಲ್ಲ. ಅದೇ ವರ್ಷ ಮೊನಾರ್ಕ್ಸ್‌ನಲ್ಲಿ ಪೇಜ್ ಜತೆ ಆಡಿದ್ದ 26 ವರ್ಷದ ಜಾಕಿ ರಾಬಿನ್‌ಸನ್. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಮೇಜರ್ ಲೀಗ್ ಮೈದಾನಕ್ಕೆ ಕಾಲಿಟ್ಟರು.

ಇಪ್ಪತ್ತು ವರ್ಷ ಆ ಬಾಗಿಲನ್ನು ಹೊರಗಿನಿಂದ ತಟ್ಟಿದವರು ಪೇಜ್. ಒಳಗೆ ಹೋದದ್ದು ಕಿರಿಯರು. ಪೇಜ್ ಅವರಿಗೆ ನೋವಾಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೂ ರಾಬಿನ್‌ಸನ್ ಯೋಗ್ಯ ಆಟಗಾರನೆಂದು ಜನರೆದುರು ಹೇಳುವ ದೊಡ್ಡತನ ತೋರಿದರು. ಜಾಷ್ ಗಿಬ್ಸನ್‌ಗೆ ಅಷ್ಟು ಕಾಯುವ ಅದೃಷ್ಟವೂ ಇರಲಿಲ್ಲ. ರಾಬಿನ್‌ಸನ್ ಮೈದಾನಕ್ಕಿಳಿಯುವ ಮೂರು ತಿಂಗಳು ಮೊದಲು, 1947ರ ಜನವರಿಯಲ್ಲಿ, ಕೇವಲ 35ನೇ ವಯಸ್ಸಿಗೆ ಗಿಬ್ಸನ್ ತೀರಿಕೊಂಡರು.

1948ರ ಜುಲೈ 7. ಪೇಜ್ ಅವರ 42ನೇ ಹುಟ್ಟುಹಬ್ಬ. ಅಂದು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡದ ಮಾಲೀಕ ಬಿಲ್ ವೀಕ್ ಅವರೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿಸಿದರು. ಎರಡು ದಿನ ಕಳೆದು ಪೇಜ್ ಮೇಜರ್ ಲೀಗ್‌ನಲ್ಲಿ ಮೊದಲ ಚೆಂಡೆಸೆದರು. ಬೇರೆ ಆಟಗಾರರು ನಿವೃತ್ತರಾಗಿ ಮನೆ ಸೇರುವ ವಯಸ್ಸಿನಲ್ಲಿ ಇವರು ಹೊಸಬರು!

ಇದು ಟಿಕೆಟ್ ಮಾರುವ ತಂತ್ರ, ಆಟಕ್ಕೆ ಅವಮಾನ ಎಂದು ಹೆಸರಾಂತ ಕ್ರೀಡಾಪತ್ರಿಕೆಯೊಂದು ಸಂಪಾದಕೀಯ ಬರೆಯಿತು. ಪೇಜ್ ಉತ್ತರ ಬರೆಯಲು ಹೋಗಲಿಲ್ಲ. ಆಗಸ್ಟ್ ತಿಂಗಳ ಮೂರು ಪಂದ್ಯಗಳನ್ನು ಅವರೇ ಎಸೆದು ಆರಂಭಿಸಿದರು. ಆ ಮೂರೇ ಪಂದ್ಯಗಳನ್ನು ನೋಡಲು ಬಂದವರು 2,01,829 ಮಂದಿ. ಮೂರೂ ಗೆದ್ದರು. ಅವುಗಳಲ್ಲಿ ಷಿಕಾಗೋ ವೈಟ್ ಸಾಕ್ಸ್ ವಿರುದ್ಧದ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ. ಅರೆಗಳಿಗೆ ತಡೆದು ಎಸೆಯುವ ಅವರ ಹಳೆಯ ಚೆಂಡನ್ನು ಲೀಗಿನ ಅಧ್ಯಕ್ಷರು ನಿಷೇಧಿಸಿದರು. ಪೇಜ್ ಬೇರೆ ಚೆಂಡುಗಳಿಂದ ಕೆಲಸ ಮುಗಿಸಿದರು. ಅರ್ಧ ಋತುವಿನಲ್ಲಿ ಆರು ಗೆಲುವು, ಒಂದು ಸೋಲು. ಈ ಆರು ಗೆಲುವುಗಳ ಬೆಲೆ ಎಷ್ಟೆಂದು ಕೇಳಿ. ಋತುವಿನ ಕೊನೆಗೆ ಕ್ಲೀವ್‌ಲ್ಯಾಂಡ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ಸಮಸಮವಾಗಿ ನಿಂತು, ಒಂದು ಹೆಚ್ಚುವರಿ ಪಂದ್ಯದಿಂದ ಅಗ್ರಸ್ಥಾನ ನಿರ್ಧಾರವಾಯಿತು. ಒಂದು ಗೆಲುವು ಕಡಿಮೆಯಾಗಿದ್ದರೂ ಕ್ಲೀವ್‌ಲ್ಯಾಂಡ್‌ಗೆ ಆ ಪಂದ್ಯವೇ ಸಿಗುತ್ತಿರಲಿಲ್ಲ. ಮುಂದೆ ಆ ತಂಡ ವಿಶ್ವ ಸರಣಿಯನ್ನೂ ಗೆದ್ದಿತು. ಅಕ್ಟೋಬರ್ 10ರಂದು, ಐದನೇ ಪಂದ್ಯದಲ್ಲಿ ಪೇಜ್ ಚೆಂಡೆಸೆದು, ಮೇಜರ್ ಲೀಗ್ ವಿಶ್ವ ಸರಣಿಯಲ್ಲಿ ಎಸೆದ ಮೊದಲ ಕಪ್ಪು ಪಿಚರ್ ಎನಿಸಿದರು.

ಬೆಂಕಿಕಡ್ಡಿಗಳ ಬೆಳಕಿನಲ್ಲಿ

1951ರಿಂದ 1953ರವರೆಗೆ ಪೇಜ್ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದಲ್ಲಿದ್ದರು. 1952ರಲ್ಲಿ, 46ನೇ ವಯಸ್ಸಿನಲ್ಲಿ, 12 ಪಂದ್ಯ ಗೆದ್ದರು. ಆ ವರ್ಷವೂ ಮರುವರ್ಷವೂ ಲೀಗಿನ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದರು. ಅನಂತರವೂ ಸಣ್ಣ ಲೀಗುಗಳಲ್ಲಿ, ಪ್ರದರ್ಶನ ಪಂದ್ಯಗಳಲ್ಲಿ ಎಸೆಯುತ್ತಲೇ ಇದ್ದರು.

1965ರ ಸೆಪ್ಟೆಂಬರ್ 25ರಂದು ಕನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡ ಅವರನ್ನು ಒಂದೇ ಒಂದು ಪಂದ್ಯಕ್ಕೆ ಕರೆಯಿತು. ತಂಡದ ಮಾಲೀಕ ಚಾರ್ಲಿ ಫಿನ್ಲಿ ಮೈದಾನದ ಬದಿಯಲ್ಲಿ ತೂಗುಕುರ್ಚಿ ಹಾಕಿಸಿ, ಪಕ್ಕದಲ್ಲಿ ನರ್ಸ್ ಒಬ್ಬರನ್ನು ನಿಲ್ಲಿಸಿದ್ದರು. ಎಲ್ಲರಿಗೂ ಅದೊಂದು ತಮಾಷೆ. ಪೇಜ್ ದಿಬ್ಬ ಹತ್ತಿದ ಮೇಲೆ ತಮಾಷೆ ನಿಂತುಹೋಯಿತು. ಬಾಸ್ಟನ್ ರೆಡ್ ಸಾಕ್ಸ್ ಎದುರು ಮೂರು ಇನ್ನಿಂಗ್ಸ್ ಎಸೆದರು. ಕಾರ್ಲ್ ಯಾಸ್ಟ್ರಮ್ಸ್ಕಿ ಒಬ್ಬರೇ ಸರಿಯಾಗಿ ಹೊಡೆದದ್ದು. ಒಂದೂ ಓಟ ಬರಲಿಲ್ಲ. ಆಗ ಪೇಜ್ ಅವರಿಗೆ 59 ವರ್ಷ. ಅವರು ಮೈದಾನದಿಂದ ಹೊರಟಾಗ ಕ್ರೀಡಾಂಗಣದ ದೀಪಗಳನ್ನು ಆರಿಸಲಾಯಿತು. ಪ್ರೇಕ್ಷಕರು ಕತ್ತಲಿನಲ್ಲಿ ಬೆಂಕಿಕಡ್ಡಿ, ಲೈಟರ್‌ಗಳನ್ನು ಹಚ್ಚಿ ಹಿಡಿದು, ಹಾಡು ಹೇಳಿ ಅವರನ್ನು ಬೀಳ್ಕೊಟ್ಟರು.

ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಬದುಕಿನ ಹೆಚ್ಚಿನ ಕಾಲ ಮೇಜರ್ ಲೀಗಿನ ಹೊರಗಿದ್ದ ಕಾರಣ ಅವರಿಗೆ ಪಿಂಚಣಿಗೆ ಬೇಕಾದಷ್ಟು ದಿನಗಳ ಸೇವೆ ಇರಲಿಲ್ಲ. 158 ದಿನಗಳು ಕಡಿಮೆ ಬಿದ್ದವು. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು ಆ ಕೊರತೆಯನ್ನು ತುಂಬಿಸಿತು. ಹೊರಗಿಟ್ಟವರೇ ದಿನ ಎಣಿಸಿ ಇಷ್ಟು ಸಾಲದು ಎನ್ನುವುದು ಎಂಥ ವಿಪರ್ಯಾಸ ನೋಡಿ.

ಗೌರವಕ್ಕೂ ಬೇರೆ ಬಾಗಿಲೇ?

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್', ಅಂದರೆ ಕೀರ್ತಿ ಮಂದಿರ ಇದೆ. ಶ್ರೇಷ್ಠ ಆಟಗಾರರ ಹೆಸರಿನ ಫಲಕಗಳನ್ನು ಅಲ್ಲಿ ಇಡುತ್ತಾರೆ. 1966ರಲ್ಲಿ ಅಲ್ಲಿಗೆ ಆಯ್ಕೆಯಾದ ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್, ತಮ್ಮ ಸನ್ಮಾನ ಭಾಷಣದಲ್ಲೇ ಪೇಜ್ ಮತ್ತು ಗಿಬ್ಸನ್ ಹೆಸರೆತ್ತಿ, ಅವಕಾಶ ಸಿಗದವರಿಗೂ ಇಲ್ಲಿ ಜಾಗವಿರಬೇಕೆಂದು ಕೋರಿದರು. ತನ್ನ ಸನ್ಮಾನದ ದಿನ ಬೇರೆಯವರ ಹಕ್ಕಿನ ಬಗ್ಗೆ ಮಾತನಾಡಿದ್ದು ಸಣ್ಣ ವಿಷಯವಲ್ಲ.

1971ರ ಫೆಬ್ರವರಿಯಲ್ಲಿ ಪೇಜ್ ಆಯ್ಕೆಯಾದರು. ಆದರೆ ನೀಗ್ರೋ ಲೀಗ್ ಆಟಗಾರರ ಫಲಕಗಳನ್ನು ಪ್ರತ್ಯೇಕ ವಿಭಾಗದಲ್ಲಿ ಇಡುವುದಾಗಿ ಪ್ರಕಟಿಸಿದರು. ಬೇರೆ ನಲ್ಲಿ, ಬೇರೆ ಡಬ್ಬಿ ಆದ ಮೇಲೆ ಈಗ ಬೇರೆ ಗೋಡೆ! ದೇಶದ ಪತ್ರಿಕೆಗಳೂ ಅಭಿಮಾನಿಗಳೂ ಇದನ್ನು ಖಂಡಿಸಿದರು. ಜುಲೈನಲ್ಲಿ ನಿರ್ಧಾರ ಬದಲಾಯಿತು. ಆಗಸ್ಟ್ 9ರಂದು ಪೇಜ್ ಉಳಿದೆಲ್ಲರಿಗೂ ಸಮಾನರಾಗಿ ಕೀರ್ತಿ ಮಂದಿರ ಪ್ರವೇಶಿಸಿದರು. ಮರುವರ್ಷ, 1972ರಲ್ಲಿ, ಗಿಬ್ಸನ್ ಹೆಸರೂ ಸೇರಿತು. ಆದರೆ ಅದನ್ನು ನೋಡಲು ಗಿಬ್ಸನ್ ಇರಲಿಲ್ಲ.

1982ರ ಜೂನ್ 5ರಂದು ಕನ್ಸಾಸ್ ಸಿಟಿಯಲ್ಲಿ ಕ್ರೀಡಾಂಗಣವೊಂದಕ್ಕೆ ಪೇಜ್ ಅವರ ಹೆಸರಿಟ್ಟರು. ಗಾಲಿಕುರ್ಚಿಯಲ್ಲಿ ಬಂದು ಅವರು ಆ ಸಮಾರಂಭದಲ್ಲಿ ಭಾಗವಹಿಸಿದರು. ಮೂರು ದಿನಗಳ ನಂತರ, ಜೂನ್ 8ರಂದು ಕೊನೆಯುಸಿರೆಳೆದರು. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗಿನ ಸ್ಥಾನಮಾನ ಸಿಕ್ಕಿತು. 2024ರಲ್ಲಿ ಆ ಆಟಗಾರರ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಪೇಜ್ ತಾವು ಎರಡು ಸಾವಿರ ಪಂದ್ಯ ಗೆದ್ದಿದ್ದೇವೆಂದು ಹೇಳಿಕೊಳ್ಳುತ್ತಿದ್ದರು. ಹಳ್ಳಿಹಳ್ಳಿಗಳಲ್ಲಿ ಆಡಿದ ಎಷ್ಟೋ ಪಂದ್ಯಗಳನ್ನು ಯಾರೂ ಬರೆದಿಡಲಿಲ್ಲವಾದ್ದರಿಂದ, ದಾಖಲೆಗೆ ಸಿಕ್ಕಿರುವುದು ಒಂದು ಭಾಗ ಮಾತ್ರ.

ನಾವು ಕಲಿಯುವುದೇನು?

ಇಂಥ ಕತೆಗಳನ್ನು ಹೇಳಿ ಮುಗಿಸುವಾಗ ತಾಳಿದವನು ಬಾಳಿಯಾನು ಎಂದು ಗಾದೆ ಹೇಳಿಬಿಡುವುದು ಸುಲಭ. ಪೇಜ್ ತಾಳಿದರು, ಬಾಳಿದರು, ನಿಜ. ಆದರೆ ತಾಳಬೇಕಾದ ಪ್ರಸಂಗವನ್ನು ತಂದದ್ದು ಬೇರೆಯವರು. ಅವರ ತಾಳ್ಮೆಯನ್ನು ಹೊಗಳುವ ಭರದಲ್ಲಿ ಆ ಅನ್ಯಾಯವನ್ನು ಮರೆಯಬಾರದು. ಗಿಬ್ಸನ್ ಅವರಂತೆ ತಾಳಿಯೂ ಬಾಗಿಲು ಕಾಣದೆ ಹೋದವರು ನೂರಾರು ಮಂದಿ. ಪೇಜ್ ಅವರ ಇಪ್ಪತ್ತರ, ಮೂವತ್ತರ ವಯಸ್ಸಿನ ಆಟವನ್ನು ಮೇಜರ್ ಲೀಗಿನ ಮೈದಾನದಲ್ಲಿ ಕಾಣುವ ಭಾಗ್ಯ ಯಾರಿಗೂ ಸಿಗಲೇ ಇಲ್ಲ. ಆ ನಷ್ಟ ಅವರೊಬ್ಬರದಲ್ಲ.

ಮಕ್ಕಳೇ, ನಿಮ್ಮ ಆಟದ ತಂಡಕ್ಕೆ ಆಯ್ಕೆ ನಡೆಯುವಾಗ, ಭಾಷೆ ಬೇರೆ, ಬಣ್ಣ ಬೇರೆ, ಹೊಸದಾಗಿ ಬಂದವನು ಎಂಬ ಕಾರಣಕ್ಕೆ ಯಾರನ್ನಾದರೂ ಬದಿಗೆ ನಿಲ್ಲಿಸಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ. ನೀವೇ ಬದಿಗೆ ನಿಂತಿದ್ದರೆ ಅಭ್ಯಾಸ ಬಿಡಬೇಡಿ. ಬಾಗಿಲು ತೆರೆದ ದಿನ ಕೈ ಪಳಗಿರಬೇಕು. ಪೋಷಕರೇ, ಮಗು ಒಂದು ತಪ್ಪು ಮಾಡಿದ ದಿನ ಮೌಂಟ್ ಮೇಗ್ಸ್‌ನ ಎಡ್ವರ್ಡ್ ಬರ್ಡ್ ಅವರನ್ನು ನೆನಪಿಸಿಕೊಳ್ಳಿ. ಅಂದು ಅವರು ಆ ಹುಡುಗನ ಕೈಗೆ ಚೆಂಡು ಕೊಡದೆ ಹೋಗಿದ್ದರೆ ಈ ಲೇಖನ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಅಂದಹಾಗೆ, ಆ ಚರ್ಮದ ಕೈಗವಸನ್ನು ತಂದ ಹುಡುಗ ಈಗ ನಮ್ಮ ಶಾಲೆಯ ಕ್ರಿಕೆಟ್ ತಂಡದಲ್ಲಿದ್ದಾನೆ. ಬೌಂಡರಿ ಗೆರೆಯಿಂದ ಅವನು ಎಸೆಯುವ ಚೆಂಡು ನೇರವಾಗಿ ವಿಕೆಟ್ ಕೀಪರ್ ಕೈಗೇ ಬಂದು ಬೀಳುತ್ತದೆ.